ದುಡಿದವರಿಗೆಷ್ಟು, ಕೂಡಿದವರಿಗೆಷ್ಟು: ಒಂದು ಬ್ಯಾಸ್ಕೆಟ್‌ಬಾಲ್ ಕಾನ್ಫರೆನ್ಸಿನ ಪ್ರಕರಣ

ಮಾರ್ಚ್ ಬಂತೆಂದರೆ ಅಮೆರಿಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಜ್ವರ. ಯಾರು ಗೆದ್ದರು, ಯಾರು ಸೋತರು, ಯಾವ ಚಿಕ್ಕ ಕಾಲೇಜು ಯಾವ ದೊಡ್ಡ ತಂಡವನ್ನು ಮಣಿಸಿತು ಎಂಬುದೇ ಎಲ್ಲರ ಮಾತು. ಕಾಲೇಜುಗಳ ಹಣಕಾಸು ನೋಡಿಕೊಳ್ಳುವವರ ಎಣಿಕೆ ಬೇರೆ. ನಮ್ಮ ಗುಂಪಿನ ತಂಡಗಳು ಈ ಸಲ ಒಟ್ಟು ಎಷ್ಟು ಪಂದ್ಯ ಆಡಿದವು ಎಂದು ಅವರು ಲೆಕ್ಕ ಹಾಕುತ್ತಿರುತ್ತಾರೆ. ಮುಂದಿನ ಆರು ವರ್ಷ ಬರುವ ಹಣ ಆ ಸಂಖ್ಯೆಯ ಮೇಲೆ ನಿಂತಿದೆ.

ಆ ಹಣವನ್ನು ಹಂಚಿಕೊಳ್ಳುವ ವಿಷಯದಲ್ಲಿ ಹತ್ತು ಕಾಲೇಜುಗಳ ಒಂದು ಕಾನ್ಫರೆನ್ಸ್ (ತಮ್ಮತಮ್ಮಲ್ಲಿ ಪಂದ್ಯಾವಳಿ ನಡೆಸಿಕೊಳ್ಳುವ ಕಾಲೇಜುಗಳ ಕೂಟ) 2018ರಲ್ಲಿ ಒಡೆಯುವ ಹಂತಕ್ಕೆ ಬಂದು, ನಿಯಮ ಬದಲಿಸಿಕೊಂಡು ಉಳಿಯಿತು. ಆ ಉಳಿವು ಎಷ್ಟು ಕಾಲ ಬಾಳಿತು, ಯಾರಿಗೆ ಏನು ಸಿಕ್ಕಿತು ಎಂಬುದು ಈ ಪ್ರಕರಣ. ಕಾಲೇಜುಗಳನ್ನು ಎ, ಬಿ, ಸಿ ಎಂದಷ್ಟೇ ಕರೆದಿದ್ದೇನೆ. ಈ ಆಟವನ್ನು ಹತ್ತಿರದಿಂದ ಬಲ್ಲವರಿಗೆ ಗುರುತು ಹತ್ತಬಹುದು. ಆದರೂ ಹೆಸರುಗಳನ್ನು ಬದಿಗಿಟ್ಟು ನಿರ್ಧಾರಗಳನ್ನು ನೋಡಿದರೆ ಸಹಕಾರದ ಮೇಲೆ ನಿಂತ ಯಾವ ಕ್ರೀಡಾ ಸಂಸ್ಥೆಗಾದರೂ ಇದು ಉಪಯೋಗಕ್ಕೆ ಬರುತ್ತದೆ ಎಂದು ನಂಬಿದ್ದೇನೆ.

ಹಣ ಹೇಗೆ ಬರುತ್ತದೆ

ಟೂರ್ನಿ ನಡೆಸುವುದು ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ. ಅದರ ಆದಾಯದ ದೊಡ್ಡ ಭಾಗ ಪುರುಷರ ಈ ಒಂದೇ ಟೂರ್ನಿಯ ಟಿವಿ ಹಕ್ಕಿನಿಂದ ಬರುತ್ತದೆ. 2010ರಲ್ಲಿ ಸಿಬಿಎಸ್ ಮತ್ತು ಟರ್ನರ್ ಎಂಬ ಟಿವಿ ಕಂಪನಿಗಳು ಸೇರಿ 14 ವರ್ಷಕ್ಕೆ 1,080 ಕೋಟಿ ಡಾಲರ್ ಕೊಡಲು ಒಪ್ಪಿದವು. 2016ರಲ್ಲಿ ಇನ್ನೂ 880 ಕೋಟಿ ಡಾಲರ್ ಸೇರಿಸಿ ಒಪ್ಪಂದವನ್ನು 2032ರವರೆಗೆ ಎಳೆದವು. ಈ ಹಣದ ಒಂದು ಭಾಗ ಬ್ಯಾಸ್ಕೆಟ್‌ಬಾಲ್ ನಿಧಿಗೆ ಹೋಗುತ್ತದೆ. ಅಲ್ಲಿಂದ ಅದು ಯೂನಿಟ್ ಲೆಕ್ಕದಲ್ಲಿ ಹಂಚಿಕೆಯಾಗುತ್ತದೆ.

ಒಂದು ತಂಡ ಟೂರ್ನಿಯಲ್ಲಿ ಆಡಿದ ಒಂದು ಪಂದ್ಯಕ್ಕೆ ಒಂದು ಯೂನಿಟ್. ಗೆದ್ದರೂ ಸೋತರೂ ಆಡಿದ್ದಕ್ಕೆ ಯೂನಿಟ್ ಉಂಟು. ಗೆದ್ದರೆ ಮುಂದಿನ ಪಂದ್ಯ, ಅಂದರೆ ಮುಂದಿನ ಯೂನಿಟ್. 2025ರವರೆಗಿನ ಟೂರ್ನಿಗಳಲ್ಲಿ ಫೈನಲ್ ಪಂದ್ಯಕ್ಕೆ ಮಾತ್ರ ಯೂನಿಟ್ ಇರಲಿಲ್ಲ. 68 ತಂಡಗಳ ಟೂರ್ನಿಯಲ್ಲಿ 67 ಪಂದ್ಯ, ಪ್ರತಿ ಪಂದ್ಯಕ್ಕೆ ಎರಡು ತಂಡ. ಫೈನಲ್ ಬಿಟ್ಟರೆ ವರ್ಷಕ್ಕೆ 132 ಯೂನಿಟ್. ಗಳಿಸಿದ ಯೂನಿಟ್‌ಗೆ ಮರುವರ್ಷದಿಂದ ಶುರುವಾಗಿ ಆರು ವರ್ಷ ಹಣ ಬರುತ್ತದೆ. 2018ರ ಹೊತ್ತಿಗೆ ಒಂದು ಯೂನಿಟ್ ಎಂದರೆ ವರ್ಷಕ್ಕೆ ಸುಮಾರು 2.7 ಲಕ್ಷ ಡಾಲರ್, ಆರು ವರ್ಷಕ್ಕೆ 16 ಲಕ್ಷದ ಆಚೀಚೆ. ಈಗ ಅದು ಆರು ವರ್ಷಕ್ಕೆ ಸುಮಾರು 20 ಲಕ್ಷ ಡಾಲರ್ ಆಗಿದೆ.

ಇಲ್ಲಿ ಎರಡು ನಿಯಮ ಗಮನದಲ್ಲಿರಬೇಕು. ಇಡೀ ಪ್ರಕರಣ ಅವುಗಳ ನಡುವೆಯೇ ಸಿಕ್ಕಿಕೊಂಡಿದೆ.

ಮೊದಲನೆಯದು, ಚೆಕ್ ಕಾಲೇಜಿಗೆ ಬರುವುದಿಲ್ಲ, ಕಾನ್ಫರೆನ್ಸಿನ ಕಚೇರಿಗೆ ಬರುತ್ತದೆ. ಸದಸ್ಯರೆಲ್ಲರೂ ಸಮನಾಗಿ ಹಂಚಿಕೊಳ್ಳಿ ಎಂದು ಎನ್‌ಸಿಎಎ ಸಲಹೆ ಕೊಡುತ್ತದೆ, ಕಡ್ಡಾಯ ಮಾಡುವುದಿಲ್ಲ. ಹೇಗೆ ಹಂಚಬೇಕೆಂದು ಸದಸ್ಯ ಕಾಲೇಜುಗಳ ಅಧ್ಯಕ್ಷರು ಕೂತು ತೀರ್ಮಾನಿಸುತ್ತಾರೆ. ಎರಡನೆಯದು, ಯೂನಿಟ್ ಕಾನ್ಫರೆನ್ಸಿನ ಸ್ವತ್ತು. ಗಳಿಸಿದ ಕಾಲೇಜು ಬಿಟ್ಟುಹೋದರೂ ಯೂನಿಟ್ ಹಿಂದೆಯೇ ಉಳಿಯುತ್ತದೆ. ಬಟ್ಲರ್ ವಿಶ್ವವಿದ್ಯಾಲಯ 2010 ಮತ್ತು 2011ರಲ್ಲಿ ಸತತವಾಗಿ ಫೈನಲ್ ತಲುಪಿ ತನ್ನ ಕಾನ್ಫರೆನ್ಸ್ ಆದ ಹೊರೈಜನ್ ಲೀಗ್‌ಗೆ ಪ್ರತಿ ಸಲ ಐದು ಯೂನಿಟ್ ತಂದಿತು. 2012ರಲ್ಲಿ ಅದು ಹೊರಟಾಗ ಆ ಯೂನಿಟ್‌ಗಳ ಹಣ ಹೊರೈಜನ್‌ನಲ್ಲೇ ನಿಂತಿತು. ಫ್ಲೋರಿಡಾ ಅಟ್ಲಾಂಟಿಕ್ 2023ರ ಏಪ್ರಿಲ್ 1ರಂದು ಸೆಮಿಫೈನಲ್ ಆಡಿತು, ಜುಲೈ 1ಕ್ಕೆ ಬೇರೆ ಕಾನ್ಫರೆನ್ಸ್ ಸೇರಿತು. ಅದು ಗಳಿಸಿದ ಐದು ಯೂನಿಟ್ ಹಳೆಯ ಮನೆಯಾದ ಕಾನ್ಫರೆನ್ಸ್ ಯುಎಸ್‌ಎಯ ಖಾತೆಯಲ್ಲೇ ಉಳಿಯಿತು.

ಗಳಿಸಿದ್ದನ್ನು ಹೊತ್ತೊಯ್ಯಲು ಆಗದು ಎಂಬ ಈ ನಿಯಮವೇ ಕಾನ್ಫರೆನ್ಸ್‌ಗಳನ್ನು ಹಿಡಿದಿಟ್ಟಿರುವ ಗೂಟ ಎಂದು ಹಲವರು ಹೇಳುತ್ತಾರೆ. ನನಗೆ ಆ ಗೂಟ ಅಷ್ಟು ಗಟ್ಟಿ ಅನಿಸುವುದಿಲ್ಲ. ಹೋಗುವವರು ಹಿಂದಿನ ಗಳಿಕೆಗಿಂತ ಮುಂದಿನ ಗಳಿಕೆಯನ್ನು ನೋಡುತ್ತಾರೆ.

ಹತ್ತು ಕಾಲೇಜು, ಒಂದು ಇಂಜಿನ್

ನಮ್ಮ ಪ್ರಕರಣದ ಕಾನ್ಫರೆನ್ಸಿನಲ್ಲಿ 2018ರಲ್ಲಿ ಹತ್ತು ಸದಸ್ಯರಿದ್ದರು. ಎಲ್ಲವೂ ಖಾಸಗಿ ಕಾಲೇಜುಗಳು. ಕಾನ್ಫರೆನ್ಸ್ ಮಟ್ಟದಲ್ಲಿ ಫುಟ್‌ಬಾಲ್ (ಅಮೆರಿಕನ್ ಫುಟ್‌ಬಾಲ್) ಇಲ್ಲ. ದೊಡ್ಡ ಕಾನ್ಫರೆನ್ಸ್‌ಗಳಿಗೆ ಫುಟ್‌ಬಾಲ್ ಟಿವಿ ಒಪ್ಪಂದದಿಂದಲೇ ಪ್ರತಿ ಸದಸ್ಯನಿಗೆ ಕೋಟಿಗಟ್ಟಲೆ ಡಾಲರ್ ಬರುತ್ತದೆ. ಅಲ್ಲಿ ಟೂರ್ನಿ ಯೂನಿಟ್ ಊಟದೆಲೆಯ ತುದಿಯ ಉಪ್ಪಿನಕಾಯಿ. ಈ ಕಾನ್ಫರೆನ್ಸಿಗೆ ಮಾತ್ರ ಅದು ಮುಖ್ಯ ಆದಾಯಗಳಲ್ಲಿ ಒಂದು.

ಹತ್ತರಲ್ಲಿ ಎ ಕಾಲೇಜು ಎರಡು ದಶಕಗಳಿಂದ ಪ್ರತಿ ವರ್ಷ ತಪ್ಪದೆ ಟೂರ್ನಿಗೆ ಹೋಗುತ್ತಿತ್ತು. 2013ರಿಂದ 2018ರವರೆಗಿನ ಆರು ಟೂರ್ನಿಗಳಲ್ಲಿ ಅದು ತಂದದ್ದು 19 ಯೂನಿಟ್. 2017ರಲ್ಲಿ ಫೈನಲ್‌ವರೆಗೆ ಹೋಗಿ ಒಂದೇ ವರ್ಷ ಐದು ತಂದಿತು. 2016 ಮತ್ತು 2018ರಲ್ಲಂತೂ ಇಡೀ ಕಾನ್ಫರೆನ್ಸಿನಿಂದ ಟೂರ್ನಿಗೆ ಹೋದದ್ದು ಅದೊಂದೇ. ಬಿ ಕಾಲೇಜು ಒಳ್ಳೆಯ ತಂಡ, ಆದರೆ ಒಂದು ವರ್ಷ ಒಳಗೆ, ಒಂದು ವರ್ಷ ಹೊರಗೆ. ಸಿ ಕಾಲೇಜು ಹೆಸರಿನಲ್ಲೂ ಅಭಿಮಾನಿಗಳ ಸಂಖ್ಯೆಯಲ್ಲೂ ದೊಡ್ಡದು, ಆಟದಲ್ಲಿ ಆಗೊಮ್ಮೆ ಈಗೊಮ್ಮೆ. ಉಳಿದ ಏಳು ಕಾಲೇಜುಗಳು ಆ ಅವಧಿಯಲ್ಲಿ ಒಂದು ಯೂನಿಟ್ಟನ್ನೂ ತರಲಿಲ್ಲ.

ಹಂಚಿಕೆ ಹೆಚ್ಚುಕಡಿಮೆ ಸಮಪಾಲು. ಲೆಕ್ಕ ಹಾಕಿ ನೋಡಿ: ಐದು ಯೂನಿಟ್ ಎಂದರೆ ವರ್ಷಕ್ಕೆ 13.5 ಲಕ್ಷ ಡಾಲರ್. ಹತ್ತು ಪಾಲು ಮಾಡಿದರೆ ತಲಾ 1.35 ಲಕ್ಷ. ಫೈನಲ್ ಆಡಿದ ಎ ಕಾಲೇಜಿಗೂ ಅಷ್ಟೇ, ಕಾನ್ಫರೆನ್ಸಿನ ಪಟ್ಟಿಯಲ್ಲಿ ಕೊನೆಯಲ್ಲಿದ್ದ ಕಾಲೇಜಿಗೂ ಅಷ್ಟೇ. ಅಲ್ಲಿಯವರೆಗೆ ತಲುಪಲು ಎ ಕಾಲೇಜು ಕೋಚ್‌ಗಳಿಗೆ, ವಿಮಾನ ಪ್ರಯಾಣಕ್ಕೆ, ಕ್ರೀಡಾಂಗಣಕ್ಕೆ, ದೂರದ ಊರುಗಳಿಂದ ಆಟಗಾರರನ್ನು ಹುಡುಕಿ ತರಲು ಮಾಡಿದ ಖರ್ಚಿಗೆ ಹೋಲಿಸಿದರೆ ಆ ಮೊತ್ತ ತೀರ ಸಣ್ಣದು.

ಸಮಪಾಲನ್ನು ಸುಮ್ಮನೆ ಅನ್ಯಾಯ ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಆಡಲು ಎದುರಾಳಿ ಇಲ್ಲದೆ ಎ ಕಾಲೇಜು ಯಾರ ಮೇಲೆ ಗೆಲ್ಲುತ್ತಿತ್ತು? ಜನವರಿ, ಫೆಬ್ರುವರಿ ಪೂರ್ತಿ ತಂಡಕ್ಕೆ ಪಂದ್ಯಗಳು ಸಿಗುವುದು ಕಾನ್ಫರೆನ್ಸಿನಿಂದ. ಚಾಂಪಿಯನ್‌ಗೆ ಟೂರ್ನಿಯ ನೇರ ಪ್ರವೇಶ ಸಿಗುವುದೂ ಕಾನ್ಫರೆನ್ಸಿನಿಂದಲೇ. ಇಷ್ಟಕ್ಕೂ ಏಳು ಸಣ್ಣ ಕಾಲೇಜುಗಳ ಈಜು, ಓಟ, ವಾಲಿಬಾಲ್ ತಂಡಗಳು, ಅದರಲ್ಲೂ ಮಹಿಳಾ ತಂಡಗಳು, ಈ ಪಾಲಿನ ಹಣವನ್ನೂ ನೆಚ್ಚಿಕೊಂಡಿದ್ದವು.

ಬಾಗಿಲ ಬಳಿ ನಿಂತ ಎ

2018ರ ಆರಂಭದಲ್ಲಿ ಪಕ್ಕದ, ಇನ್ನಷ್ಟು ಬಲವಾದ ಕಾನ್ಫರೆನ್ಸೊಂದು ಎ ಕಾಲೇಜನ್ನು ಕರೆಯುತ್ತಿದೆ ಎಂಬುದು ಸಾರ್ವಜನಿಕ ಸುದ್ದಿಯಾಯಿತು. ಎ ಕಾಲೇಜಿನವರು ಅಲ್ಲಗಳೆಯಲಿಲ್ಲ. ಕೂಡುಕುಟುಂಬದಲ್ಲಿ ದುಡಿಯುವ ಮಗ ಬೇರೆ ಮನೆ ನೋಡಿಬಂದ ಹಾಗಾಯಿತು.

ಕಾನ್ಫರೆನ್ಸಿನ ಮುಂದೆ ಮೂರು ದಾರಿ ಇತ್ತು. ಹೋಗಲಿ ಬಿಡು ಎನ್ನುವುದು ಒಂದು. ಯೂನಿಟ್ ನಿಯಮದ ಪ್ರಕಾರ ಎ ಗಳಿಸಿದ 19 ಯೂನಿಟ್ ಕಾನ್ಫರೆನ್ಸಿನಲ್ಲೇ ಉಳಿಯುತ್ತಿತ್ತು, ಹತ್ತರ ಬದಲು ಒಂಬತ್ತು ಪಾಲಾಗುತ್ತಿತ್ತು. ಕಾಗದದ ಮೇಲೆ ಮೊದಲ ವರ್ಷ ಇದು ಲಾಭದಂತೆ ಕಾಣುತ್ತದೆ. ಆದರೆ ಯೂನಿಟ್ ಕರಗುವ ಆಸ್ತಿ. 2013ರ ಎರಡು ಯೂನಿಟ್‌ಗೆ ಹಣ ಬರುವುದು 2019ಕ್ಕೆ ನಿಲ್ಲುತ್ತದೆ, 2014ರ ಎರಡಕ್ಕೆ 2020ಕ್ಕೆ, 2015ರ ನಾಲ್ಕಕ್ಕೆ 2021ಕ್ಕೆ. 2018ರ ಮೂರು ಯೂನಿಟ್‌ಗಳ ಕೊನೆಯ ಕಂತು 2024ರಲ್ಲಿ ಬಂದು ಮುಗಿದರೆ ಅಲ್ಲಿಗೆ ಎ ಬಿಟ್ಟುಹೋದ ಗಂಟು ಖಾಲಿ. ಆಮೇಲೆ ಉಳಿಯುವುದು ಚಾಂಪಿಯನ್ ತಂಡ ತರುವ ವರ್ಷಕ್ಕೊಂದು ಯೂನಿಟ್, ಅದೃಷ್ಟವಿದ್ದರೆ ಎರಡು.

ಎರಡನೆಯ ದಾರಿ, ಕೇಳಿದಷ್ಟು ಹಣ ಕೊಟ್ಟು ಉಳಿಸಿಕೊಳ್ಳುವುದು. ಇದರಲ್ಲಿ ಉಳಿದ ಒಂಬತ್ತು ಕಾಲೇಜುಗಳಿಗೆ ನೇರ ನಷ್ಟ. ತಮ್ಮ ಪಾಲನ್ನು ತಾವೇ ಕತ್ತರಿಸಿಕೊಳ್ಳಲು ಕೈ ಎತ್ತಬೇಕು.

ಅವರು ಹಿಡಿದದ್ದು ಮೂರನೆಯ ದಾರಿ. ಈ ಪ್ರಕರಣ ಅಧ್ಯಯನಕ್ಕೆ ಯೋಗ್ಯವಾಗುವುದು ಇಲ್ಲಿಂದ. ಇರುವ ಗಂಟನ್ನು ಹೇಗೆ ಹಂಚುವುದು ಎಂಬ ಪ್ರಶ್ನೆಯ ಜೊತೆಗೇ ಗಂಟನ್ನು ದೊಡ್ಡದು ಮಾಡುವುದು ಹೇಗೆ ಎಂಬ ಪ್ರಶ್ನೆಯನ್ನೂ ಒಂದೇ ಮೇಜಿನ ಮೇಲೆ ತಂದರು.

ತಿರುವು: ವೇಳಾಪಟ್ಟಿಯೂ ಹಣವೇ

2018ರಲ್ಲಿ ಟೂರ್ನಿಯ 68 ಸ್ಥಾನಗಳಲ್ಲಿ 32 ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಮೀಸಲಿತ್ತು. ಉಳಿದ 36ನ್ನು ಒಂದು ಸಮಿತಿ ಆರಿಸಿತು. ಎಷ್ಟು ಗೆದ್ದಿರಿ ಎಂಬುದಷ್ಟೇ ಸಮಿತಿಗೆ ಸಾಲದು, ಯಾರ ಮೇಲೆ ಗೆದ್ದಿರಿ ಎಂದೂ ಅದು ನೋಡುತ್ತದೆ. ದುರ್ಬಲ ತಂಡಗಳ ಜೊತೆ ಹೆಚ್ಚು ಆಡಿದಷ್ಟೂ ಗೆದ್ದ ತಂಡದ ಶ್ರೇಯಾಂಕವೇ ತಗ್ಗುತ್ತದೆ. ಎ ಕಾಲೇಜಿನ ಹಳೆಯ ಅಳಲು ಇದೇ ಆಗಿತ್ತು. ಕಾನ್ಫರೆನ್ಸಿನ ಒಳಗೆ 18 ಪಂದ್ಯ ಆಡಲೇಬೇಕು, ಅದರಲ್ಲಿ ಬಹುಪಾಲು ಪಟ್ಟಿಯ ಕೆಳಗಿನ ತಂಡಗಳ ಜೊತೆ. ಗೆದ್ದರೆ ಏನೂ ಸಿಗದು, ಸೋತರೆ ಎಲ್ಲವೂ ಹೋಗುತ್ತದೆ.

ಈ ಅಳಲು ಎ ಒಂದರದ್ದೇ ಅಲ್ಲ ಎಂಬುದು ಅದೇ ಮಾರ್ಚ್‌ನಲ್ಲಿ ಎಲ್ಲರ ಕಣ್ಣಿಗೆ ಬಿತ್ತು. ಬಿ ಕಾಲೇಜು ಆ ಋತುವಿನಲ್ಲಿ 28 ಪಂದ್ಯ ಗೆದ್ದು ಐದನ್ನಷ್ಟೇ ಸೋತಿತ್ತು. ಆದರೂ ಸಮಿತಿ ಅದನ್ನು ಟೂರ್ನಿಗೆ ಆರಿಸಲಿಲ್ಲ. ಗೆಲುವುಗಳ ಸಂಖ್ಯೆ ದೊಡ್ಡದಿತ್ತು, ಎದುರಾಳಿಗಳ ತೂಕ ಸಾಲದಾಯಿತು. ಬಿ ಕಾಲೇಜಿನ ಆಟಗಾರರಿಗೆ ಅದು ಎಂಥ ನೋವು ಎಂದು ಬೇರೆ ಹೇಳಬೇಕಿಲ್ಲ. ಕಾನ್ಫರೆನ್ಸಿನ ಲೆಕ್ಕದಲ್ಲಿ ಅದು ಕನಿಷ್ಠ ಒಂದು ಯೂನಿಟ್, ಆರು ವರ್ಷದ 16 ಲಕ್ಷ ಡಾಲರ್. ಆ ನಷ್ಟ ಹತ್ತೂ ಕಾಲೇಜುಗಳದ್ದು.

ಆ ವಸಂತದಲ್ಲಿ ಕಾನ್ಫರೆನ್ಸಿನ ಅಧ್ಯಕ್ಷರ ಮಂಡಳಿ ಒಪ್ಪಿದ ಬದಲಾವಣೆಗಳು ಹೀಗಿದ್ದವು. ಒಳಗಿನ ಪಂದ್ಯಗಳು 18ರಿಂದ 16ಕ್ಕೆ ಇಳಿದವು. ಉಳಿದ ಎರಡು ದಿನಗಳಲ್ಲಿ ಹೊರಗಿನ ಬಲವಾದ ತಂಡಗಳ ಜೊತೆ ಆಡಬಹುದು. ಹೊರಗಿನ ಪಂದ್ಯಗಳಿಗೂ ಒಂದು ಕನಿಷ್ಠ ಮಟ್ಟ ಗೊತ್ತುಮಾಡಲಾಯಿತು, ಸಿಕ್ಕ ಸಣ್ಣ ತಂಡವನ್ನು ಕರೆದು ಗೆಲುವು ಪೇರಿಸುವಂತಿಲ್ಲ. ಕಾನ್ಫರೆನ್ಸ್ ಚಾಂಪಿಯನ್‌ಶಿಪ್‌ನ ರಚನೆ ಬದಲಾಗಿ ಪಟ್ಟಿಯ ಮೊದಲ ಎರಡು ತಂಡಗಳು ನೇರ ಸೆಮಿಫೈನಲ್‌ಗೆ ಬರುವಂತಾಯಿತು. ಜೊತೆಗೆ ಟೂರ್ನಿಯಲ್ಲಿ ಆಡಿ ಯೂನಿಟ್ ತಂದ ಕಾಲೇಜಿಗೆ ಮೊದಲಿಗಿಂತ ದೊಡ್ಡ ಪಾಲು ಎಂದಾಯಿತು.

ಸುದ್ದಿಯಲ್ಲಿ ಎಲ್ಲರೂ ಎತ್ತಿ ಹಿಡಿದದ್ದು ಕೊನೆಯ ಅಂಶವನ್ನು. ನನ್ನ ಎಣಿಕೆಯಲ್ಲಿ ಮೊದಲ ಮೂರರ ತೂಕವೇ ಹೆಚ್ಚು. ಪಾಲಿನ ನಿಯಮವನ್ನು ಮಾತ್ರ ಬದಲಿಸಿದ್ದರೆ ಅದು ಎ ಮತ್ತು ಒಂಬತ್ತರ ನಡುವಿನ ಜಗಳವಾಗಿ ಉಳಿಯುತ್ತಿತ್ತು: ಒಬ್ಬರ ತಟ್ಟೆಗೆ ಬಂದದ್ದು ಇನ್ನೊಬ್ಬರ ತಟ್ಟೆಯಿಂದಲೇ ಹೋಗಬೇಕು. ವೇಳಾಪಟ್ಟಿ ಮತ್ತು ಚಾಂಪಿಯನ್‌ಶಿಪ್ ರಚನೆ ಸೇರಿದ್ದರಿಂದ ಬಿ ಮತ್ತು ಸಿ ಕಾಲೇಜುಗಳಿಗೂ, ಮೇಲೇಳಲು ಹವಣಿಸುತ್ತಿದ್ದ ಇನ್ನೆರಡಕ್ಕೂ, ಕೈ ಎತ್ತಲು ಕಾರಣ ಸಿಕ್ಕಿತು. ಯೂನಿಟ್ ತಂದವರಿಗೆ ಹೆಚ್ಚು ಪಾಲು ಎಂಬ ಮಾತು ಎ ಕಾಲೇಜಿನ ಹೆಸರಿನಲ್ಲಿ ಬರೆದದ್ದಲ್ಲ. ಯಾರು ತಂದರೂ ಅನ್ವಯಿಸುತ್ತದೆ.

2018ರ ವಸಂತದಲ್ಲೇ ಎ ತಾನು ಉಳಿಯುವುದಾಗಿ ಪ್ರಕಟಿಸಿತು.

ಏನಾಯಿತು

ಮರುವರ್ಷವೇ ಫಲ ಕಂಡಿತು, ಅದೂ ಯಾರೂ ಎಣಿಸದ ರೀತಿಯಲ್ಲಿ. 2019ರ ಕಾನ್ಫರೆನ್ಸ್ ಫೈನಲ್‌ನಲ್ಲಿ ಬಿ ಕಾಲೇಜು ಎ ಕಾಲೇಜನ್ನೇ ಸೋಲಿಸಿ ಚಾಂಪಿಯನ್ ಆಯಿತು. ನೇರ ಪ್ರವೇಶ ಬಿ ಪಾಲಾಯಿತು. ಎ ಕಾಲೇಜಿನ ಶ್ರೇಯಾಂಕ ಎಷ್ಟು ಎತ್ತರದಲ್ಲಿತ್ತೆಂದರೆ ಸಮಿತಿ ಅದನ್ನು ಮೊದಲ ಶ್ರೇಯಾಂಕದ ನಾಲ್ಕು ತಂಡಗಳಲ್ಲಿ ಒಂದಾಗಿಯೇ ಆರಿಸಿತು. ಎ ನಾಲ್ಕು ಪಂದ್ಯ ಆಡಿತು, ಬಿ ಒಂದು. ಹಿಂದಿನ ವರ್ಷ 28 ಗೆಲುವಿನ ಮೇಲೂ ಮನೆಯಲ್ಲಿ ಕೂತಿದ್ದ ಬಿ ಕಾಲೇಜು ಈ ಸಲ ಒಳಗಿತ್ತು.

2020 ಎಲ್ಲರ ಲೆಕ್ಕವನ್ನೂ ಕೆಡಿಸಿತು. ಮಾರ್ಚ್ 12ರಂದು ಕೋವಿಡ್ ಕಾರಣಕ್ಕೆ ಟೂರ್ನಿ ರದ್ದಾಯಿತು. ಪಂದ್ಯವಿಲ್ಲ, ಯೂನಿಟ್ಟೂ ಇಲ್ಲ. ಎನ್‌ಸಿಎಎ ಸದಸ್ಯರಿಗೆ ಹಂಚಬೇಕೆಂದಿದ್ದ ಸುಮಾರು 60 ಕೋಟಿ ಡಾಲರ್ 22.5 ಕೋಟಿಗೆ ಕುಸಿಯಿತು. ಎ ಕಾಲೇಜು ಆ ವರ್ಷ ದೇಶದ ಅಗ್ರ ತಂಡಗಳಲ್ಲಿ ಒಂದಾಗಿತ್ತು. ಒಂದೇ ಟೂರ್ನಿಯ ಮೇಲೆ ಇಡೀ ವ್ಯವಸ್ಥೆ ನಿಂತಿರುವುದು ಎಂಥ ಅಪಾಯ ಎಂದು ಆ ತಿಂಗಳು ತೋರಿಸಿಕೊಟ್ಟಿತು. ಫುಟ್‌ಬಾಲ್ ಇಲ್ಲದ ಕಾನ್ಫರೆನ್ಸ್‌ಗಳಿಗೆ ಪೆಟ್ಟು ಹೆಚ್ಚು.

2021ರಲ್ಲಿ ಎ ಮತ್ತೆ ಫೈನಲ್ ತಲುಪಿತು, ಮತ್ತೆ ಐದು ಯೂನಿಟ್. 2022ರಲ್ಲಿ ಕಾನ್ಫರೆನ್ಸಿನಿಂದ ಮೂರು ತಂಡಗಳು ಟೂರ್ನಿಗೆ ಹೋದವು. ಮೂರನೆಯದು ಹಿಂದಿನ ಎರಡು ದಶಕಗಳಲ್ಲಿ ಒಮ್ಮೆಯೂ ಅಲ್ಲಿ ಕಾಲಿಡದ ಒಂದು ಕಾಲೇಜು. 2018ರಲ್ಲಿ ಒಂದು, 2022ರಲ್ಲಿ ಮೂರು.

2019ರಿಂದ 2025ರವರೆಗೆ ನಡೆದ ಆರು ಟೂರ್ನಿಗಳನ್ನು ಒಟ್ಟು ಹಾಕಿದರೆ ಕಾನ್ಫರೆನ್ಸ್ ಗಳಿಸಿದ್ದು 31 ಯೂನಿಟ್. ಅದರಲ್ಲಿ ಎ ತಂದದ್ದು 21, ಉಳಿದ ಹತ್ತನ್ನು ಮೂರು ಕಾಲೇಜುಗಳು ತಂದವು. ಇದೆಲ್ಲ ನಿಯಮ ಬದಲಿಸಿದ್ದರ ಫಲವೇ ಎಂದು ಕೇಳಿದರೆ ಹಾಗೆ ಹೇಳಲಾರೆ. ಬಿ ಕಾಲೇಜಿನ ಕೋಚ್ ಬಹುಕಾಲದಿಂದ ಕಟ್ಟುತ್ತಾ ಬಂದ ತಂಡ ಅದು. ಒಳ್ಳೆಯ ಆಟಗಾರರು ಸಿಕ್ಕರು. ಆದರೆ ಒಳ್ಳೆಯ ತಂಡ ಇದ್ದೂ ಹೊರಗುಳಿಯುವ 2018ರಂಥ ಸ್ಥಿತಿಗೆ ಕಾನ್ಫರೆನ್ಸಿನ ಸ್ವಂತ ವೇಳಾಪಟ್ಟಿಯೇ ಕಾರಣವಾಗುವುದು ಕಡಿಮೆಯಾಯಿತು ಎಂದು ಧೈರ್ಯವಾಗಿ ಹೇಳಬಲ್ಲೆ.

ಒಂಬತ್ತು ಕಾಲೇಜುಗಳು ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಏನು ಪಡೆದವು? ಒಂದು ಉದಾಹರಣೆಯ ಲೆಕ್ಕ ಹಾಕೋಣ. ಯೂನಿಟ್‌ಗೆ ಆರು ವರ್ಷಕ್ಕೆ 18 ಲಕ್ಷ ಡಾಲರ್ ಎಂದು ಹಿಡಿದರೆ ಎ ತಂದ 21 ಯೂನಿಟ್‌ನ ಮೊತ್ತ 3.78 ಕೋಟಿ. ಅದರಲ್ಲಿ ಪೂರ್ತಿ ಅರ್ಧ ಎ ಕಾಲೇಜಿಗೇ ಹೋಯಿತು ಎಂದಿಟ್ಟುಕೊಂಡರೂ ಉಳಿದವರಿಗೆ 1.89 ಕೋಟಿ ಡಾಲರ್ ಸಿಗುತ್ತದೆ. 2018ರಲ್ಲಿ ಹಟ ಹಿಡಿದು ಎ ಕಾಲೇಜನ್ನು ಕಳಿಸಿಕೊಟ್ಟಿದ್ದರೆ ಈ ಸಾಲಿನಲ್ಲಿ ಸೊನ್ನೆ ಇರುತ್ತಿತ್ತು.

ಈ ಇಡೀ ಕಾಲದಲ್ಲಿ ಪಂದ್ಯ ಆಡಿ ಯೂನಿಟ್ ಗಳಿಸಿದ ಹುಡುಗರಿಗೆ ಆ ಹಣದಿಂದ ವಿದ್ಯಾರ್ಥಿವೇತನ ಬಿಟ್ಟು ನೇರವಾಗಿ ಏನೂ ಬರುತ್ತಿರಲಿಲ್ಲ. ಕಾಲೇಜುಗಳ ನಡುವಿನ ನ್ಯಾಯದ ಬಗ್ಗೆ ಇಷ್ಟು ಚರ್ಚೆ ನಡೆದ ಕೋಣೆಗಳಲ್ಲಿ ಆಟಗಾರರ ಪಾಲಿನ ಮಾತು ಬರಲಿಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ. ಅದು ಬದಲಾಗಲು ನ್ಯಾಯಾಲಯವೇ ಬೇಕಾಯಿತು. ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ‘ಹೌಸ್’ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ಮಂಜೂರಾದ ರಾಜಿ ಒಪ್ಪಂದದಂತೆ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷ ಒಂದು ಕಾಲೇಜಿಗೆ 2.05 ಕೋಟಿ ಡಾಲರ್ ಮಿತಿಯೊಳಗೆ.

ಎರಡನೆಯ ಬಿರುಕು

2023ರಲ್ಲಿ ಸಿ ಕಾಲೇಜು ಹೊರಟಿತು. ಫುಟ್‌ಬಾಲ್ ಹಣವಿರುವ ಒಂದು ದೊಡ್ಡ ಕಾನ್ಫರೆನ್ಸ್ ಅದನ್ನು ಕರೆದಿತ್ತು. ಇಲ್ಲಿ ಯೂನಿಟ್ ಪಾಲನ್ನು ಎಷ್ಟು ತಿದ್ದಿದರೂ ಉಪಯೋಗವಿರಲಿಲ್ಲ. ಎರಡು ಕಡೆಯ ಆದಾಯಕ್ಕೆ ಹೋಲಿಕೆಯೇ ಇಲ್ಲ.

2024ರ ಅಕ್ಟೋಬರ್‌ನಲ್ಲಿ ಎ ಕಾಲೇಜು ತಾನೂ 2026ರ ಬೇಸಿಗೆಯಲ್ಲಿ ಹೊರಡುವುದಾಗಿ ಪ್ರಕಟಿಸಿತು. ಹಿಂದೆ ಕುಸಿದುಬಿದ್ದು ಮತ್ತೆ ಕಟ್ಟಿಕೊಳ್ಳುತ್ತಿರುವ ಕಾನ್ಫರೆನ್ಸೊಂದಕ್ಕೆ ಅದರ ಪಯಣ. ಹಾಗಾದರೆ 2018ರ ಒಪ್ಪಂದ ಸೋತಿತೇ?

ಸೋತಿತು ಎನ್ನುವವರ ವಾದ ನೇರವಾಗಿದೆ: ಕೊಟ್ಟದ್ದೂ ಹೋಯಿತು, ಉಳಿಸಿಕೊಳ್ಳಬೇಕಾದವರೂ ಹೋದರು. ನಾನು ಒಪ್ಪುವುದಿಲ್ಲ. 2018ರಿಂದ 2026 ಎಂದರೆ ಎಂಟು ಋತು. ಅಷ್ಟು ಕಾಲ ಕಾನ್ಫರೆನ್ಸಿನ ಹೆಸರು ದೇಶದ ಮುಖ್ಯ ಟಿವಿ ಪರದೆಯ ಮೇಲಿತ್ತು, 2020 ಒಂದನ್ನು ಬಿಟ್ಟು ಪ್ರತಿ ವರ್ಷ ಯೂನಿಟ್ ಬಂತು, ಬಿ ಕಾಲೇಜು ಎ ಕಾಲೇಜಿನ ಜೊತೆ ಆಡಿ ಆಡಿ ತಾನೇ ಟೂರ್ನಿಯ ನಿಯಮಿತ ತಂಡವಾಯಿತು. ಹೊರಡುವಾಗಿನ ಒಪ್ಪಂದದಲ್ಲಿ ಬೇರೆ ಮಾತಾಗದ ಹೊರತು, ಎ ಗಳಿಸಿದ ಯೂನಿಟ್‌ಗಳ ಕಂತು 2032ರವರೆಗೂ ಇಲ್ಲಿಗೇ ಬರುತ್ತದೆ. ಈ ಸಲ ಆ ಹಣ ಕರಗುವುದರೊಳಗೆ ಹೊಸ ಸದಸ್ಯರನ್ನು ಸೇರಿಸಿಕೊಂಡು ತಂಡಗಳನ್ನು ಕಟ್ಟಲು ಕಾನ್ಫರೆನ್ಸಿಗೆ ಸಮಯವಿದೆ.

ಆದರೂ 2018ರಲ್ಲೇ ಯೋಚಿಸಬೇಕಿದ್ದ ಒಂದು ವಿಷಯವಿದೆ. ಬಂದ ಪಾಲನ್ನು ಸದಸ್ಯರು ಯಾವುದಕ್ಕೆ ಖರ್ಚು ಮಾಡಬೇಕು ಎಂಬುದು ಆಯಾ ಕಾಲೇಜಿನ ಇಷ್ಟ. ಏಳು ಸಣ್ಣ ಕಾಲೇಜುಗಳಲ್ಲಿ 2019ರಿಂದ 2025ರವರೆಗೆ ಒಂದು ಮಾತ್ರ ಟೂರ್ನಿ ತಲುಪಿತು. ಮಿಕ್ಕವು ಅದೇ ಅವಧಿಯಲ್ಲಿ ಒಂದು ಯೂನಿಟ್ಟನ್ನೂ ತರಲಿಲ್ಲ. ಸಮಪಾಲಿನ ಹಣ ಸಾಮಾನ್ಯ ಖರ್ಚಿನಲ್ಲಿ ಕರಗಿದರೆ ಅದು ವರ್ಷದ ತೂತು ಮುಚ್ಚುತ್ತದೆಯೇ ಹೊರತು ಮುಂದಿನ ಎ ಕಾಲೇಜನ್ನು ಹುಟ್ಟಿಸುವುದಿಲ್ಲ. ಪಾಲಿನ ಒಂದು ಭಾಗವನ್ನಾದರೂ ಪುರುಷರ, ಮಹಿಳೆಯರ ಬ್ಯಾಸ್ಕೆಟ್‌ಬಾಲ್ ತಂಡಗಳಿಗೆ ಮೀಸಲಿಡಬೇಕು ಎಂಬ ಷರತ್ತನ್ನು ಸಮಪಾಲು ಕೇಳುವವರೇ ಮುಂದಿಟ್ಟರೆ ಅವರ ವಾದಕ್ಕೆ ಬಲ ಬರುತ್ತದೆ.

ಇನ್ನೊಂದು, ದೊಡ್ಡ ಪಾಲು ಕೊಡುವಾಗ ಪ್ರತಿಯಾಗಿ ಏನು ಬರೆಸಿಕೊಳ್ಳಬೇಕು ಎಂಬುದು. ಇಂತಿಷ್ಟು ವರ್ಷ ಇರುತ್ತೇವೆ ಎಂಬ ಮಾತು, ಮೊದಲೇ ಹೊರಟರೆ ಹೆಚ್ಚುವರಿ ಪಾಲಿನ ಒಂದು ಭಾಗ ಹಿಂದಿರುಗಿಸಬೇಕೆಂಬ ಮಾತು, ಹೊರಡುವ ಮುನ್ನ ಎಷ್ಟು ಮುಂಚೆ ತಿಳಿಸಬೇಕೆಂಬ ಮಾತು. ಇವನ್ನು ಸಂಬಂಧ ಚೆನ್ನಾಗಿರುವಾಗಲೇ ಬರೆಯಬೇಕು. ಹೊರಡುವವರು ಪೆಟ್ಟಿಗೆ ಕಟ್ಟಿದ ಮೇಲೆ ಬರೆಯಲು ಹೋದರೆ ವಕೀಲರ ಖರ್ಚೇ ಉಳಿಯುತ್ತದೆ. ಪ್ಯಾಕ್-12 ಎಂಬ ದೊಡ್ಡ ಕಾನ್ಫರೆನ್ಸಿನಿಂದ ಹತ್ತು ಕಾಲೇಜುಗಳು ಒಟ್ಟಿಗೆ ಹೊರಟಾಗ ಉಳಿದ ಒರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಕಾನ್ಫರೆನ್ಸಿನ ಆಸ್ತಿಯ ಹಿಡಿತಕ್ಕಾಗಿ 2023ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಈ ಮಾತುಗಳು ಈಗ ಇನ್ನೊಂದು ಮೇಜಿನ ಮೇಲೆ ತುರ್ತಾಗಿ ಬೇಕಾಗಿವೆ. ಮಹಿಳೆಯರ ಟೂರ್ನಿಗೆ ದಶಕಗಳ ಕಾಲ ಒಂದು ಯೂನಿಟ್ಟೂ ಇರಲಿಲ್ಲ. ಮಹಿಳಾ ತಂಡ ಚಾಂಪಿಯನ್ ಆದರೂ ಕಾನ್ಫರೆನ್ಸಿಗೆ ಆ ಲೆಕ್ಕದಲ್ಲಿ ಸೊನ್ನೆ. 2025ರ ಜನವರಿಯಲ್ಲಿ ಎನ್‌ಸಿಎಎ ಸದಸ್ಯರು ಅವರಿಗೂ ಯೂನಿಟ್ ಕೊಡಲು ಮತ ಹಾಕಿದರು. 2025ರ ಟೂರ್ನಿಯಿಂದ ಎಣಿಕೆ ಶುರುವಾಗಿದೆ, ಮೊದಲ ವರ್ಷದ ನಿಧಿ 1.5 ಕೋಟಿ ಡಾಲರ್, ಒಂದು ಯೂನಿಟ್‌ಗೆ ಮೂರು ವರ್ಷ ಹಣ. ಚೆಕ್ ಇಲ್ಲೂ ಕಾನ್ಫರೆನ್ಸ್ ಕಚೇರಿಗೇ ಬರುತ್ತದೆ. ಅದನ್ನು ಸಮನಾಗಿ ಹಂಚುವುದೋ, ಆಡಿದವರಿಗೆ ಹೆಚ್ಚು ಕೊಡುವುದೋ, ಮಹಿಳಾ ತಂಡಗಳಿಗೇ ಮೀಸಲಿಡುವುದೋ ಎಂದು ಪ್ರತಿ ಕಾನ್ಫರೆನ್ಸೂ ತಾನೇ ತೀರ್ಮಾನಿಸಬೇಕು. ಹೆಚ್ಚಿನ ಕಡೆ ಒಂದೇ ಕಾಲೇಜಿನ ಬಲ ಇನ್ನೂ ಮಿಕ್ಕವರನ್ನು ಮೀರಿ ಬೆಳೆದಿಲ್ಲ, ಯಾರೂ ಬಾಗಿಲ ಬಳಿ ನಿಂತಿಲ್ಲ. ಕೂತು ಬರೆಯಲು ಈ ಒಂದೆರಡು ವರ್ಷಗಳೇ ಸರಿಯಾದ ಸಮಯ.